ಹೊನ್ನಿಯ ಬಾಯಲ್ಲಿದ್ದ ನಂಬರು

ನಮ್ಮ ಭಾವಿಕೇರಿಯ ಗಂಡಸರಿಗೆ ಮಳೆಗಾಲದಲ್ಲಿ ಗದ್ದೆ, ಮಳೆ ಬಿಟ್ಟ ಮೇಲೆ ಬೋಟು. ಬೋಟು ಹತ್ತುವ ದಿನ ಅವರು ಮೊದಲು ಮಾಡುವ ಕೆಲಸ ಒಂದೇ. ಕಿಸೆಯಿಂದ ಆಧಾರ್ ಕಾರ್ಡು ತೆಗೆದು ತಾಂಡೇಲನ ಕೈಗೆ ಕೊಡುತ್ತಾರೆ. ತಾಂಡೇಲ ಅಂದರೆ ಬೋಟು ನಡೆಸುವವನು. ಕಾರವಾರದ ಕಡಲಿನಲ್ಲಿ ನೌಕಾಪಡೆ ಇರುವುದರಿಂದ ತಪಾಸಣೆ ಜಾಸ್ತಿ. ಕಾರ್ಡು ಕೇಳಿದಾಗ ಒಬ್ಬೊಬ್ಬರೂ ಹುಡುಕುತ್ತಾ ಕೂರುವುದು ಬೇಡ ಅಂತ ಎಲ್ಲರದೂ ಒಂದೇ ಡಬ್ಬಿಯಲ್ಲಿ ಇಡುತ್ತಾರೆ. ಹಾರವಾಡದ ಮಂಗೇಶ ತಾಂಡೇಲನದು ಬಿಸ್ಕೀಟಿನ ತಗಡಿನ ಡಬ್ಬಿ. ಇಷ್ಟು ವರ್ಷದಲ್ಲಿ ಅದರಿಂದ ಒಂದು ಕಾರ್ಡೂ ಕಳೆದುಹೋಗಿಲ್ಲ. ಮಂಗೇಶ ಒಳ್ಳೆಯವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ಜಗಳಕ್ಕೆ ಬರಬೇಡಿ.

ಆದರೆ ಆ ಒಳ್ಳೆಯ ರೂಢಿಯೇ ಪರದೇಶಕ್ಕೆ ಹೋದ ನಮ್ಮ ಹುಡುಗರಿಗೆ ಉರುಳಾಗುತ್ತಿದೆ. ಹೇಗೆ ಅಂತ ಹೇಳುತ್ತೇನೆ. ನಾನು ಸುನೀತಾ. ಭಾವಿಕೇರಿಯ ಮಹಿಳಾ ಸಂಘದಲ್ಲಿ ಬರೆಯುವ ಕೆಲಸ ನನ್ನದು. ಕುವೈತಿನಲ್ಲಿ ಆರು ವರ್ಷ ಒಂದು ಮನೆಯ ಅಡುಗೆ ಮಾಡಿ ಬಂದವಳು. ನನ್ನ ಬಾಯಿ ಸ್ವಲ್ಪ ಜೋರು, ಊರಿಗೆಲ್ಲ ಗೊತ್ತು. ಇದು ನಮ್ಮ ನೆರೆಮನೆಯ ಪ್ರದೀಪನ ಕಥೆ. ನನ್ನ ತಮ್ಮ ಭಾಸ್ಕರನ ಕಥೆಯೂ ಹೌದು.

ಹೋದ ವರ್ಷ ಕೊಯ್ಲು ಮುಗಿದ ವಾರ ಪ್ರದೀಪನಿಗೆ ಓಮಾನ್ ದೇಶದಲ್ಲಿ ಕೆಲಸ ಸಿಕ್ಕಿತು. ಮೀನಿನ ಕಂಪನಿಯೊಂದರ ಐಸ್ ಪ್ಲಾಂಟಿನಲ್ಲಿ. ಅವನು ಜಟ್ಟು ಮಾವ ಮತ್ತು ಹೊನ್ನಿ ಅತ್ತೆಯ ಒಬ್ಬನೇ ಮಗ. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ಮಂಗೇಶನ ಬೋಟಿನಲ್ಲಿ ಐದು ವರ್ಷ ದುಡಿದ ಹುಡುಗ. ಕಾಗದಗಳನ್ನು ನನಗೆ ತೋರಿಸಲು ಹೊನ್ನಿ ಅತ್ತೆ ಕರೆದಳು. ಅವರ ಅಂಗಳದಲ್ಲಿ ಚಾಪೆ ಹಾಸಿ ಒಂದೊಂದೇ ಕಾಗದ ಬಿಡಿಸಿಕೊಂಡು ಕೂತೆ.

"ಎಂತದೇ ಸುನೀತಾ, ನೀ ಹೀಂಗೆ ಓದ್ತಾ ಕೂತ್ರೆ ಅವನ ವಿಮಾನ ಹೋಗೇ ಹೋತದೆ" ಅಂದ ಜಟ್ಟು ಮಾವ. ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ವಿಮಾನಕ್ಕೆ ಇನ್ನೂ ಹದ್ನೈದು ದಿನ ಅದೆ ಮಾವ. ಸುಮ್ನೆ ಕೂತ್ಕ" ಅಂದೆ.

ಕಾಗದಗಳು ಸರಿಯಾಗಿದ್ದವು. ವೀಸಾ ಕೆಲಸದ್ದೇ ಆಗಿತ್ತು, ತಿರುಗಾಟದ ವೀಸಾ ಅಲ್ಲ. ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿತ್ತು. ಪ್ರದೀಪ ಹತ್ತನೇ ಪಾಸಾದವನಲ್ಲ. ಅಂಥವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ವಲಸೆ ಅನುಮತಿ ಬೇಕು. ಅದೂ ಆಗಿತ್ತು. ವಿಮೆಯ ಕಾಗದವೂ ಇತ್ತು. ಸಂಬಳ ಎಷ್ಟು, ದಿನಕ್ಕೆ ಎಷ್ಟು ತಾಸು ಕೆಲಸ, ರಜೆ ಎಷ್ಟು ಅಂತ ಕರಾರಿನಲ್ಲಿ ಬರೆದಿದ್ದನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ನನಗೆ ನಿಜಕ್ಕೂ ಸಮಾಧಾನವಾಯಿತು. ಹೊನ್ನಿ ಅತ್ತೆ ಚಾ ತಂದಳು.

ಚಾ ಕುಡಿಯುತ್ತಾ ಸುಮ್ಮನೆ ಕೇಳಿದೆ. "ಅಲ್ಲಿ ಪಾಸ್‌ಪೋರ್ಟ್ ಎಲ್ಲಿ ಇಡ್ತೆ?"

"ಫೋರ್‌ಮನ್ ಹತ್ರ" ಅಂದ ಪ್ರದೀಪ. "ಮೊದಲೇ ಹೋದವ್ರು ಹೇಳಿದ್ರು. ಎಲ್ರದೂ ಒಂದೇ ಪೆಟ್ಟಿಗೆಯಲ್ಲಿ ಇಡ್ತ್ರಂತೆ. ಮಂಗೇಶಣ್ಣನ ಡಬ್ಬಿ ಇದ್ದಂಗೆ. ನಮಗೂ ಕಾಳಜಿ ಇಲ್ಲ."

ನಾನು ಲೋಟ ಕೆಳಗಿಟ್ಟೆ.

"ಕೊಡಬೇಡ" ಅಂದೆ. "ಯಾರ ಕೈಲೂ ಕೊಡಬೇಡ. ಕೊಲ್ಲಿಯಲ್ಲಿ ಹೆಚ್ಚಿನ ಕಡೆ ಮಾಲೀಕ ನಮ್ಮ ಪಾಸ್‌ಪೋರ್ಟ್ ಹಿಡಿದಿಡೂದು ಅಲ್ಲಿನ ಕಾನೂನಿಗೇ ವಿರುದ್ಧ."

ಜಟ್ಟು ಮಾವ ಹಗ್ಗ ಕೆಳಗಿಟ್ಟ. "ಎಂತ ಮಾತಾಡ್ತೆ ನೀನು? ದೋಣಿ ಹತ್ತಿದ ಮೇಲೆ ತಾಂಡೇಲನ್ನ ನಂಬೂದೇ. ನಂಬಿಕೆ ಇಲ್ಲದವ ದಡದಲ್ಲೇ ಕೂರಬೇಕು. ಹೊಸದಾಗಿ ಹೋದ ಹುಡುಗ ಮೊದಲ ದಿನವೇ ನಿಮ್ಮನ್ನ ನಂಬೂದಿಲ್ಲ ಅಂದ್ರೆ ಅವ್ರು ಇಟ್ಕಂತ್ರಾ?"

"ತಾಂಡೇಲನ ಮನೆ ಹಾರವಾಡದಲ್ಲಿ ಅದೆ ಮಾವ. ಡಬ್ಬಿ ಕೊಡಲಿಲ್ಲ ಅಂದ್ರೆ ನೀನು ಸಂಜೆಗೆ ಅವನ ಅಂಗಳದಲ್ಲಿ ನಿಲ್ತೆ. ಆ ಫೋರ್‌ಮನ್‌ನ ಮನೆ ಯಾವ ದೇಶದಲ್ಲಿ ಅದೆ ಹೇಳಿ ನಿಂಗೆ ಗೊತ್ತಾ? ಭಾಸ್ಕರಂಗೆ ಆದದ್ದೂ..."

"ಅವನ ಸುದ್ದಿ ತೆಗೀಬೇಡ" ಅಂದ ಜಟ್ಟು ಮಾವ. ಅವನ ದನಿ ಗಡುಸಾಯಿತು. "ಹಡೆದವಳು ಸತ್ತಾಗ ಬರಲಿಲ್ಲ ಅಂವ. ಬರೂ ಮನಸ್ಸಿದ್ದವ ಹೆಂಗಾದ್ರೂ ಬತ್ತಿದ್ದ."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಅದಕ್ಕೂ ನಾಲ್ಕು ವರ್ಷದ ಹಿಂದೆ ನಮ್ಮ ಅವ್ವಿ ತೀರಿಕೊಂಡಾಗ ನನ್ನ ತಮ್ಮ ಭಾಸ್ಕರ ಸೌದಿಯಲ್ಲಿದ್ದ. ನಾನು ಆಗ ಕುವೈತಿನಿಂದ ಬಂದಾಗಿತ್ತು. ಭಾಸ್ಕರ ಬರಲಿಲ್ಲ. ಮಗ ಇಲ್ಲದ ಚಿತೆಗೆ ಬೆಂಕಿ ಇಟ್ಟವನು ಈ ಜಟ್ಟು ಮಾವ. ಎರಡು ತಿಂಗಳ ಮೇಲೆ ಭಾಸ್ಕರ ಊರಿಗೆ ಬಂದಾಗ ಊರು ಅವನನ್ನು ಮಾತಾಡಿಸಲಿಲ್ಲ. ಅಂದಿನಿಂದ ಜಟ್ಟು ಮಾವ ನಮ್ಮ ಮನೆಯ ನೀರು ಮುಟ್ಟಿರಲಿಲ್ಲ. ಏನಾಯಿತು ಅಂತ ಯಾರಿಗೂ ಹೇಳಬೇಡ ಅಂತ ಭಾಸ್ಕರ ನನ್ನಿಂದ ಮಾತು ತೆಗೆದುಕೊಂಡಿದ್ದ. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನನ್ನಂಥವಳಿಗೆ ಅದು ಎಂಥ ಶಿಕ್ಷೆ ಅಂತ ನನಗೇ ಗೊತ್ತು.

ಅವತ್ತು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಬೇಲಿಯ ಆಚೆಯಿಂದ ಭಾಸ್ಕರನೇ ಮಾತಾಡಿದ. ಗಾರೆ ಕೆಲಸ ಮುಗಿಸಿ ಬಂದವನು ನಮ್ಮ ಬಾವಿಕಟ್ಟೆಯ ಹತ್ತಿರ ಕೈಕಾಲು ತೊಳೆಯುತ್ತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಅಕ್ಕ ಸೋಮವಾರ ಫೋನ್ ಮಾಡಿದ್ಳು ಮಾವ, ಅವ್ವಿಗೆ ಕಾಯಿಲೆ ಜೋರಾಗದೆ ಹೇಳಿ. ನಂಗೆ ರಜೆ ಸಿಕ್ತು. ವಿಮಾನದ ಟಿಕೆಟ್ಟೂ ಸಿಕ್ತು. ಪಾಸ್‌ಪೋರ್ಟ್ ಸಿಗಲಿಲ್ಲ. ಅದು ಫೋರ್‌ಮನ್ ಪೆಟ್ಟಿಗೆಯಲ್ಲಿತ್ತು. ಅಂವ ಎರಡು ತಿಂಗಳ ರಜೆ ಮೇಲೆ ಅವನ ದೇಶಕ್ಕೆ ಹೋಗಿದ್ದ. ಬೀಗದ ಕೈ ಅವನ ಕಿಸೆಯಲ್ಲಿ."

ಭಾಸ್ಕರ ಬೇಲಿಯ ಹತ್ತಿರ ಬಂದ.

"ಅಂವ ಕೆಟ್ಟವ ಅಲ್ಲ ಮಾವ. ಮರ್ತು ತಕಂಡು ಹೋಗಿದ್ದ. ಆಫೀಸಿನವ್ರು ಅಂವ ಬರಲಿ, ಪೆಟ್ಟಿಗೆ ಒಡೆಯೂಕೆ ಬರೂದಿಲ್ಲ ಅಂದ್ರು. ನಮ್ಮ ದೇಶದ ರಾಯಭಾರ ಕಚೇರಿಗೆ ಫೋನ್ ಮಾಡ್ದೆ. ಅವ್ರು ಪಾಸ್‌ಪೋರ್ಟ್ ನಂಬರ್ ಕೇಳಿದ್ರು. ನಂಗೆ ಗೊತ್ತಿಲ್ಲ. ಅಕ್ಕಂಗೆ ಕೇಳ್ದೆ. ಮನೆಯಲ್ಲಿ ಒಂದು ಝೆರಾಕ್ಸ್ ಇಲ್ಲ. ಬುಧವಾರ ಅವ್ವಿ ಹೋದ್ಳು. ನೀನು ಬೆಂಕಿ ಇಡೂದು ನಾ ಫೋನಲ್ಲಿ ನೋಡ್ದೆ. ಅರ್ಧಕ್ಕೆ ನೆಟ್‌ವರ್ಕ್ ಹೋಯ್ತು."

"ಮತ್ತೆ ಇದನ್ನ ಎಂತಕ್ಕೆ ಹೇಳಲಿಲ್ಲ ಮಗಾ ನೀನು?" ಹೊನ್ನಿ ಅತ್ತೆ ಕೇಳಿದಳು.

"ನಾಚಿಕೆ ಆಯ್ತು ಅತ್ತೆ. ನನ್ನ ಫೋಟೋ ಇದ್ದ ಪುಸ್ತಕ ಅದು. ಅದರ ನಂಬರ್ ನಂಗೇ ಗೊತ್ತಿರಲಿಲ್ಲ ಹೇಳಿ ಹೆಂಗೆ ಹೇಳೂದು?"

ಜಟ್ಟು ಮಾವ ಹಗ್ಗ ಎತ್ತಿಕೊಂಡು ಒಳಗೆ ಹೋದ. ಒಪ್ಪಿದ ಅಂತ ನಾನು ಹೇಳುವುದಿಲ್ಲ. ನಾಲ್ಕು ವರ್ಷದ ಸಿಟ್ಟು ಒಂದು ಸಂಜೆಯಲ್ಲಿ ಇಳಿಯುವುದಿಲ್ಲ. ಭಾಸ್ಕರ ಕಾಲು ತೊಳೆದು ಮನೆಗೆ ಹೋದ.

ಆದರೆ ಹೊನ್ನಿ ಅತ್ತೆ ನನ್ನ ಪಕ್ಕ ಬಂದು ಕೂತಳು. ಅವಳಿಗೆ ಅಕ್ಷರ ಬರುವುದಿಲ್ಲ. ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಆ ನಂಬರ್ ಎಷ್ಟು ಉದ್ದ ಇರ್ತದೆ ಸುನೀತಾ?"

"ಮೊದಲು ಒಂದು ಇಂಗ್ಲಿಷ್ ಅಕ್ಷರ. ಆಮೇಲೆ ಏಳು ಅಂಕೆ."

"ಅಷ್ಟೇನಾ" ಅಂದಳು. "ಒಂದು ಸಲ ನಿಧಾನಕ್ಕೆ ಹೇಳು."

ಹೇಳಿದೆ. ಅವಳೂ ಹೇಳಿದಳು. ಮಾರನೆಯ ದಿನ ಸೊಪ್ಪು ಕೊಯ್ಯಲು ಹೋಗುವಾಗ ಹೇಳಿದಳು. ಭತ್ತ ಗಾಳಿಗೆ ತೂರುವಾಗ ಹೇಳಿದಳು. ನಾಲ್ಕು ಅಂದರೆ ಮಂಚದ ಕಾಲು, ಸೊನ್ನೆ ಅಂದರೆ ಬಳೆ, ಏಳು ಅಂದರೆ ವಾರ, ಹೀಗೆ ಅವಳದೇ ಲೆಕ್ಕ. ಪೂರ್ತಿ ನಂಬರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಮನೆಯವರಿಗೆ ಗೊತ್ತಿರಬೇಕಾದದ್ದು, ಊರಿಗೆಲ್ಲ ಸಾರುವಂಥದ್ದಲ್ಲ. ಜಟ್ಟು ಮಾವ, "ಇವಳು ಅಂಕೋಲೆಯಲ್ಲಿ ಪಾಸ್‌ಪೋರ್ಟ್ ಆಫೀಸ್ ತೆಗೀತಾಳೆ, ನೋಡ್ತಾ ಇರು" ಅಂತ ಗೇಲಿ ಮಾಡಿದ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ನಂಬರು ಬಾಯಿಗೆ ಬಂದ ಮೇಲೆ, "ಆ ರಾಯಭಾರದವ್ರ ಫೋನ್ ನಂಬರೂ ಹೇಳಿಬಿಡು. ಒಂದಕ್ಕೆ ಜಾಗ ಇದ್ರೆ ಎರಡಕ್ಕೂ ಅದೆ" ಅಂದಳು.

ನಾನು ಪ್ರದೀಪನನ್ನು ಅಂಕೋಲೆ ಪೇಟೆಗೆ ಕರೆದುಕೊಂಡು ಹೋಗಿ ಪಾಸ್‌ಪೋರ್ಟು, ವೀಸಾ, ಕರಾರು, ವಿಮೆ ಎಲ್ಲದಕ್ಕೂ ಮೂರು ಮೂರು ಝೆರಾಕ್ಸ್ ತೆಗೆಸಿದೆ. ಒಂದು ಅವನ ಚೀಲಕ್ಕೆ, ಒಂದು ಹೊನ್ನಿ ಅತ್ತೆಯ ಟ್ರಂಕಿಗೆ, ಒಂದು ನನ್ನ ಹತ್ತಿರ. ಅವನ ಫೋನಿನಲ್ಲೂ ಫೋಟೋ ತೆಗೆದೆವು. ಕೇಳಿದವರಿಗೆ ಏನು ಹೇಳಬೇಕು ಅಂತಲೂ ಕಲಿಸಿದೆ. "ಝೆರಾಕ್ಸ್ ತಗೊಳ್ಳಿ, ಅಸಲು ನನ್ನ ಹತ್ತಿರ ಇರಲಿ" ಅನ್ನು. ಅಲ್ಲಿನ ಗುರುತಿನ ಚೀಟಿ ಮಾಡಿಸಲು ಅಸಲು ಬೇಕೇ ಬೇಕಾದರೆ ಕೊಡು, ಆದರೆ ಕೊಟ್ಟಿದ್ದಕ್ಕೆ ಬರಹ ತಗೋ, ಕೆಲಸ ಆದ ಕೂಡಲೇ ಬಾಯಿಬಿಟ್ಟು ವಾಪಸು ಕೇಳು. ಹೋದ ಒಂದು ವಾರದೊಳಗೆ ಕಂಪನಿಯ ಹೆಸರು, ಇರುವ ಕೋಣೆಯ ವಿಳಾಸ ಮನೆಗೆ ತಿಳಿಸು. ಹೊನ್ನಿ ಅತ್ತೆ ಹಳೆ ಸೀರೆಯ ಅಂಚಿನಿಂದ ಸೊಂಟಕ್ಕೆ ಕಟ್ಟುವ ಒಂದು ಸಂಚಿ ಹೊಲಿದು ಕೊಟ್ಟಳು. ಪ್ರದೀಪ ಎಲ್ಲದಕ್ಕೂ ಹೂಂ ಅಂದು ವಿಮಾನ ಹತ್ತಿದ.

ಮೊದಲ ಆರು ತಿಂಗಳು ಎಲ್ಲ ಸರಿಯಿತ್ತು. ವಾರಕ್ಕೊಮ್ಮೆ ಫೋನ್ ಬರುತ್ತಿತ್ತು. ಗುರುತಿನ ಚೀಟಿ ಆಯಿತು, ಪಾಸ್‌ಪೋರ್ಟು ವಾಪಸು ಬಂತು, ಸಂಚಿಯಲ್ಲಿದೆ ಅಂತ ಹೇಳಿದ.

ಜುಲೈ ತಿಂಗಳಲ್ಲಿ ನಮ್ಮ ಗದ್ದೆಗಳಲ್ಲಿ ನೆಟ್ಟಿ ನಡೆಯುತ್ತಿತ್ತು. ಒಂದೇ ಸಮನೆ ಮಳೆ. ನಾವು ಎಂಟು ಹೆಂಗಸರು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದೆವು. ಹೊನ್ನಿ ಅತ್ತೆಯ ಫೋನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟದಲ್ಲಿತ್ತು. ಅದು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಅವಳು ಕೆಸರಿನ ಕೈಯಲ್ಲೇ ಪ್ಲಾಸ್ಟಿಕ್ ಬಿಡಿಸಿ ಕಿವಿಗೆ ಇಟ್ಟಳು. ಸ್ಪೀಕರ್ ಹಾಕು ಅಂದೆ.

"ಅವ್ವಿ, ನಾನು." ಪ್ರದೀಪನ ದನಿ ಒಡೆದಿತ್ತು. "ಅಂಗಡಿಯವರ ಫೋನು. ಹೆಚ್ಚು ಹೊತ್ತು ಕೊಡೂದಿಲ್ಲ. ಕಂಪನಿ ಬಾಗಿಲು ಹಾಕಿ ಹೋದ್ರು ಅವ್ವಿ. ಮಾಲೀಕ ಇಲ್ಲ, ಫೋರ್‌ಮನ್ ಇಲ್ಲ. ನಮ್ಮ ಕೋಣೆಗೂ ಬೀಗ ಹಾಕಿದಾರೆ. ಚೀಲ, ಗುರುತಿನ ಚೀಟಿ, ಝೆರಾಕ್ಸ್ ಎಲ್ಲ ಒಳಗೆ. ನನ್ನ ಫೋನು ಹೋದ ವಾರ ಐಸ್ ನೀರಿಗೆ ಬಿದ್ದು ಸತ್ತದೆ."

"ಪಾಸ್‌ಪೋರ್ಟ್ ಸಂಚಿಯಲ್ಲಿ ಅದೆ ಅಲ್ಲ ಮಗಾ?"

ಅವಳು ಸೆರಗನ್ನು ಫೋನಿಗೆ ಮರೆ ಹಿಡಿದಳು.

"ಕೊಟ್ಟುಬಿಟ್ಟೆ ಅವ್ವಿ" ಅಂದ. "ಹೋದ ತಿಂಗಳು ಹೊಸ ಫೋರ್‌ಮನ್ ಬಂದ. ಎಲ್ರೂ ಪೆಟ್ಟಿಗೆಗೆ ಹಾಕಿದ್ರು. ನಾ ಒಬ್ಬನೇ ಹೆಂಗೆ ಇಲ್ಲ ಅಂಬೂದು? ಮಂಗೇಶಣ್ಣಂಗೆ ಕೊಟ್ಟಂಗೇ ಅಂದ್ಕಂಡೆ. ನಿಂಗೆ ಹೇಳಿದ್ರೆ ಬೈತೆ ಹೇಳಿ ಹೇಳಲಿಲ್ಲ. ಕಾಗದ ಇಲ್ಲದೆ ಇಲ್ಲಿ ರಸ್ತೆ ಮೇಲೆ ನಿಂತ್ರೂ ಹಿಡೀತ್ರು."

ನನಗೆ ಬಂದ ಸಿಟ್ಟಿಗೆ ಸಸಿಯ ಕಟ್ಟನ್ನೇ ಬಿಸಾಡಿದೆ. ಇಷ್ಟು ಹೇಳಿ, ಇಷ್ಟು ಬರೆದು ಕೊಟ್ಟು, ಕೊನೆಗೂ ಅದೇ ಪೆಟ್ಟಿಗೆ. ಝೆರಾಕ್ಸ್ ತರಲು ಮನೆಗೆ ಓಡಬೇಕೆಂದು ಬದುವಿನ ಕಡೆ ತಿರುಗಿದೆ. ಓಡಿದರೂ ಕಾಲು ಗಂಟೆ ಬೇಕು. ಅಷ್ಟು ಹೊತ್ತು ಆ ಫೋನು ಅವನ ಕೈಯಲ್ಲಿ ಇರುವುದಿಲ್ಲ.

ಹೊನ್ನಿ ಅತ್ತೆ ಬೈಯಲಿಲ್ಲ. ಅಳಲೂ ಇಲ್ಲ. ಮೊಣಕಾಲುದ್ದ ಕೆಸರಿನಲ್ಲಿ ನೆಟ್ಟಗೆ ನಿಂತಳು.

"ಬರ್ಕ" ಅಂದಳು. "ಅಂಗಡಿಯವಂಗೆ ಪೆನ್ನು ಕೇಳು. ಪೆನ್ನು ಇಲ್ಲಂದ್ರೆ ಬಾಯಲ್ಲಿ ಹಿಡ್ಕ."

ಆಮೇಲೆ ಹೇಳಿದಳು. ಒಂದು ಅಕ್ಷರ, ಏಳು ಅಂಕೆ. ಸಾವಕಾಶ, ಒಂದೂ ತಪ್ಪದ ಹಾಗೆ. ಅವನು ತಿರುಗಿ ಹೇಳಿದಾಗ ಐದನೆಯ ಅಂಕೆ ತಪ್ಪಿತು, ಅವಳು ತಿದ್ದಿದಳು. ರಾಯಭಾರ ಕಚೇರಿಯ ಫೋನ್ ನಂಬರನ್ನೂ ಹೇಳಿದಳು. "ಮೊದಲು ಅಲ್ಲಿಗೆ ಫೋನ್ ಮಾಡು. ಈ ಅಂಗಡಿ ಹತ್ರವೇ ಇರು. ಒಬ್ಬನೇ ಎಲ್ಲೂ ಹೋಗಬೇಡ. ನಾವು ಇಲ್ಲಿಂದ ಮಾಡ್ತೆವು" ಅಂದಳು. ಫೋನು ಕಟ್ಟಾಯಿತು. ಗದ್ದೆಯಲ್ಲಿ ಯಾರೂ ಸಸಿ ನೆಡುತ್ತಿರಲಿಲ್ಲ. ನಾನು ಹೋಗಿ ಅವಳ ಕೈ ಹಿಡಿದುಕೊಂಡೆ.

ಮನೆಗೆ ಬಂದು, ಪರದೇಶದಲ್ಲಿ ಕಷ್ಟಕ್ಕೆ ಸಿಕ್ಕವರಿಗಾಗಿ ಇರುವ ಸರ್ಕಾರದ ಮದದ್ ಜಾಲತಾಣದಲ್ಲಿ ನಾನು ದೂರು ಹಾಕಿದೆ. ಟ್ರಂಕಿನಲ್ಲಿದ್ದ ಝೆರಾಕ್ಸ್‌ಗಳನ್ನು ಕಾರವಾರಕ್ಕೆ ಒಯ್ದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬೇಕಿತ್ತು. ಜಟ್ಟು ಮಾವ ತನ್ನ ಮನೆಯ ಜಗಲಿಯ ಕಂಬ ಹಿಡಿದು ನಿಂತಿದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಆಗ ಭಾಸ್ಕರ ಅವತ್ತಿನ ಗಾರೆ ಕೆಲಸ ಬಿಟ್ಟು ಬಂದ.

"ನಡಿ ಮಾವ" ಅಂದ. "ಅರ್ಜಿಯಲ್ಲಿ ಎಂತ ಬರೀಬೇಕು ಹೇಳಿ ನಂಗೆ ಗೊತ್ತದೆ."

ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕಾರವಾರಕ್ಕೆ ಹೋದರು. ದಾರಿಯುದ್ದಕ್ಕೂ ಮಾವ ಝೆರಾಕ್ಸ್ ಇದ್ದ ಚೀಲವನ್ನು ಎದೆಗೆ ಹಿಡಿದುಕೊಂಡೇ ಇದ್ದ ಅಂತ ಭಾಸ್ಕರ ಆಮೇಲೆ ಹೇಳಿದ.

ಆ ಕೋಣೆಯಲ್ಲಿ ಹನ್ನೊಂದು ಜನ ಇದ್ದರು. ನಂಬರು ಹೇಳಲು ಆದದ್ದು ಪ್ರದೀಪನೊಬ್ಬನಿಗೆ. ರಾಯಭಾರ ಕಚೇರಿಯವರು ಆ ನಂಬರಿನಿಂದ ಅವನ ವೀಸಾ ಹುಡುಕಿದರು, ವೀಸಾದಿಂದ ಕಂಪನಿಯನ್ನು ಹುಡುಕಿದರು, ಅಲ್ಲಿನ ಪೊಲೀಸರಿಗೆ ಬರೆದರು. ಒಂಬತ್ತನೆಯ ದಿನ ಪೊಲೀಸರ ಎದುರಿಗೆ ಕಂಪನಿಯ ಬಾಗಿಲು ತೆಗೆಸಿ ಆ ಪೆಟ್ಟಿಗೆಯ ಬೀಗ ಒಡೆದರು. ಹನ್ನೊಂದು ಪಾಸ್‌ಪೋರ್ಟೂ ಒಳಗಿದ್ದವು. ಪ್ರದೀಪ ಈಗ ಕಾನೂನಿನ ಪ್ರಕಾರವೇ ಬೇರೆ ಕಂಪನಿಗೆ ಸೇರಿದ್ದಾನೆ. ಮೊದಲ ದಿನ ಅಲ್ಲಿಯೂ ಕೇಳಿದರಂತೆ. ಝೆರಾಕ್ಸ್ ತಗೊಳ್ಳಿ ಅಂದನಂತೆ. ಅವರು ತೆಗೆದುಕೊಂಡರು. ಅಷ್ಟೇ, ಏನೂ ಆಗಲಿಲ್ಲ.

ಪೆಟ್ಟಿಗೆ ಒಡೆದ ಸುದ್ದಿ ಬಂದ ಸಂಜೆ ಜಟ್ಟು ಮಾವ ನಮ್ಮ ಮನೆಗೆ ಬಂದ. ನಾಲ್ಕು ವರ್ಷದ ಮೇಲೆ ನಮ್ಮ ಮೆಟ್ಟಿಲು ಹತ್ತಿದ. ಗೋಡೆಯ ಮೇಲಿದ್ದ ನಮ್ಮ ಅವ್ವಿಯ ಫೋಟೋವನ್ನು ಒಮ್ಮೆ ನೋಡಿದ. ನಾನು ಒಳಗಿನಿಂದ ಬರುವಷ್ಟರಲ್ಲಿ ಭಾಸ್ಕರನ ಎದುರು ನೆಲದ ಮೇಲೆ ಕೂತಿದ್ದ.

"ಭಾಸ್ಕರಾ" ಅಂದ. "ಆಸರಾಗದೆ. ನೀರು ಕೊಡು."

ಭಾಸ್ಕರ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟ. ಮಾವ ಬೆಲ್ಲ ಬಾಯಿಗೆ ಹಾಕಿಕೊಂಡು ಚೊಂಬು ಪೂರ್ತಿ ಖಾಲಿ ಮಾಡಿದ. "ನಿನ್ನ ಅವ್ವಿಗೆ ಬೆಂಕಿ ಇಡೂವಾಗ ನಿಂಗೆ ಶಾಪ ಹಾಕಿದ್ದೆ ನಾನು. ಅದನ್ನ ವಾಪಸ್ ತಕಂತೆ" ಅಂದ. ಭಾಸ್ಕರ ತಲೆ ತಗ್ಗಿಸಿಕೊಂಡು ಅತ್ತ. ನಾಲ್ಕು ವರ್ಷದಲ್ಲಿ ಅವನು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಅಕ್ಕ ತಂಗಿಯರೇ, ಈ ಕಥೆಯನ್ನು ನಿಮ್ಮ ಸಂಘದಲ್ಲಿ ಓದುವಾಗ ನಿಮ್ಮಲ್ಲಿ ಯಾರ ಮನೆಯಿಂದ ಯಾರು ಪರದೇಶದಲ್ಲಿದ್ದಾರೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಹೋಗುವ ಮೊದಲು ವೀಸಾ ಕೆಲಸದ್ದೇ ಹೌದೋ, ಏಜೆಂಟ್ ಸರ್ಕಾರದ ಪಟ್ಟಿಯಲ್ಲಿ ಇದ್ದಾನೋ ನೋಡಿ. ಓದಲು ಬಾರದಿದ್ದರೆ ಬರುವವರನ್ನು ಕೇಳಿ, ಅದರಲ್ಲಿ ನಾಚಿಕೆ ಇಲ್ಲ. ಹೋದವರಿಗೆ ಹೇಳಿ, ಪಾಸ್‌ಪೋರ್ಟು ಅವರ ಸೊಂಟದಲ್ಲಿರಲಿ, ಯಾರ ಪೆಟ್ಟಿಗೆಗೂ ಬೇಡ. ತಪ್ಪಿ ಕೊಟ್ಟಿದ್ದರೆ ಮನೆಯವರಿಂದ ಮುಚ್ಚಿಡಬೇಡ ಅಂತಲೂ ಹೇಳಿ, ಅವರು ನಿಜ ಹೇಳಿದಾಗ ನೀವು ಬೈಯಬೇಡಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ನೀರು ಸಿಗುವುದಿಲ್ಲ. ಝೆರಾಕ್ಸ್ ಇವತ್ತೇ ಟ್ರಂಕಿಗೆ ಹಾಕಿ.

ನಾನು ಮೊದಲ ಸಲ ಈ ಕಥೆ ಓದಿದಾಗ ಹೊನ್ನಿ ಅತ್ತೆ ಕೇಳಲು ನಮ್ಮ ಸಂಘಕ್ಕೆ ಬಂದಿದ್ದಳು. ಮುಗಿದ ಮೇಲೆ ಎಲ್ಲರನ್ನೂ ಒಂದು ಸುತ್ತು ನೋಡಿ ಒಂದೇ ಮಾತು ಕೇಳಿದಳು. ಅದನ್ನೇ ನಿಮ್ಮನ್ನೂ ಕೇಳುತ್ತೇನೆ, ಈ ಹಾಳೆ ಮಡಚುವ ಮೊದಲು ಉತ್ತರ ಹೇಳಿ.

"ನಿಮ್ಮ ಮಗನ ನಂಬರ್ ನಿಮಗೆ ಬಾಯಿಗೆ ಬತ್ತದ?"